ಮಾಲಿಯಿಲ್ಲದ ತೋಟ

ಮಕ್ಕಳೇ, ಈ ವಾರ ನನ್ನದೇ ತಪ್ಪಿನ ಕಥೆ ಹೇಳುತ್ತೇನೆ. ಅಜ್ಜ ಅಜ್ಜಿಯರಿಗೂ ಓದಿ ಹೇಳಿ.

ಐದನೇ ತರಗತಿಯ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ನಮ್ಮ ನಾಡಿನ ಐದು ಗಿಡಮರಗಳ ಹೆಸರು ಬರೆದು ತರಲು ಹೇಳಿದ್ದರು. ಬನಹಟ್ಟಿಯ ಮನೆಯ ಕಟ್ಟೆಯ ಮೇಲೆ ಕೂತು, ಮಗ್ಗದ ಸದ್ದಿನ ನಡುವೆ ನಾನು ಥಟ್ಟನೆ ಹೇಳಿದೆ: ಗುಲ್‌ಮೊಹರ್, ನೀಲಗಿರಿ, ಬಳ್ಳಾರಿ ಜಾಲಿ, ಹುಣಸೆ, ಬೇವು. ಮರುದಿನ ಬೇವಿಗೆ ಮಾತ್ರ ಸರಿ ಗುರುತು ಬಿದ್ದಿತ್ತು! ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ನೀಲಗಿರಿ ಆಸ್ಟ್ರೇಲಿಯಾದ್ದು, ಬಳ್ಳಾರಿ ಜಾಲಿ ಅಮೆರಿಕದ್ದು. ಹುಣಸೆಯೂ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದೇ.

“ಅಜ್ಜಾ, ನಿನಗೂ ಗೊತ್ತಿಲ್ಲೇನು?” ಎಂದಳು. 72 ವರ್ಷ ಈ ಮಣ್ಣಿನಲ್ಲೇ ಕಳೆದವನಿಗೆ ಆ ಮಾತು ನಾಟಿತು.

ರವಿವಾರ ಅವಳನ್ನು ಕರೆದುಕೊಂಡು ಜಮಖಂಡಿ ದಾಟಿ ಬೀಳಗಿಯ ಕಡೆ ಹೊರಟೆ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಸುಮಾರು 96 ಚದರ ಕಿಲೋಮೀಟರ್ ಇದೆ. ಅನುಮತಿ ಪಡೆದು, ಅರಣ್ಯ ಕಾವಲುಗಾರರ ಜೊತೆ ನಡೆದೆವು.

“ಇದೇನ್ ತೋಟ ಅಜ್ಜಾ? ಬರೇ ಮುಳ್ಳು!” ಎಂದು ಅವಳು ಮುಖ ಸಿಂಡರಿಸಿದಳು.

“ಇದು ಮಾಲಿ ಇಲ್ಲದ ತೋಟ ಯವ್ವಾ. ಮಳಿ ಬರದಿದ್ರೂ ಬದುಕಾಕ ಕಲ್ತಾವು ಇವು,” ಎಂದೆ.

ಹಳದಿ ಹೂ ತುಂಬಿದ ತಂಗಡಿ ಸಿಕ್ಕಿತು. ಹಿಂದೆ ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಮುಂದೆ ಬೋರಿ ಗಿಡ, ಕರಿಜಾಲಿ, ಮುತ್ತಲ. ಮುತ್ತಲ ಎಲೆಯಲ್ಲಿ ಉಂಡಿದ್ದು ನನಗೆ ನೆನಪಾಯಿತು. ಚಿಂಕಾರ ಎಂಬ ಪುಟ್ಟ ಜಿಂಕೆ ಇಂಥ ಎಲೆ, ಹಣ್ಣುಗಳ ತೇವದಿಂದಲೇ ಬಹುಮಟ್ಟಿಗೆ ಬಾಯಾರಿಕೆ ನೀಗಿಸಿಕೊಳ್ಳುತ್ತದೆ ಎಂದರು ಕಾವಲುಗಾರರು. ಅವಳು ಅಲ್ಲಿಂದ ಮುಂದೆ ಮುಳ್ಳನ್ನು ಬೈಯಲಿಲ್ಲ.

ಆಮೇಲೆ ಒಂದು ಬನ್ನಿ ಮರ ಕಂಡಿತು. ನಾನು ನಿಂತುಬಿಟ್ಟೆ.

ನನ್ನ ಹುಟ್ಟೂರು ಇದೇ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿ ಜಲಾಶಯದಲ್ಲಿ 519.60 ಮೀಟರ್‌ವರೆಗೆ ನೀರು ನಿಂತಾಗ ಊರು ಮುಳುಗಿತು. ಮನೆಗೆ ಪರಿಹಾರ ಬಂತು, ಹೊಲಕ್ಕೂ ಬಂತು. ದಸರೆಗೆ ಇಡೀ ಊರು ಬಂಗಾರವೆಂದು ಎಲೆ ಹಂಚಿಕೊಳ್ಳುತ್ತಿದ್ದ ಬನ್ನಿ ಮರವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ. ಮೊನ್ನೆ ಐದು ಹೆಸರು ಕೇಳಿದಾಗಲೂ ಅದು ನನ್ನ ಬಾಯಿಗೆ ಬರಲಿಲ್ಲವಲ್ಲ!

ಮೊಮ್ಮಗಳು ನನ್ನ ಕೈ ಹಿಡಿದಳು. “ಅದರ ಬೀಜ ಒಯ್ಯೋಣೇನು?”

“ಧಾಮದೊಳಗಿಂದ ಒಂದು ಕಡ್ಡಿನೂ ಒಯ್ಯಬಾರದು, ಯವ್ವಾ.”

ಆದರೆ ನಮ್ಮ ಬೀಗರ ಹೊಲದ ಬದುವಿನಲ್ಲಿ ಒಂದು ಬನ್ನಿ ಇದೆ. ಅದರ ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಬೆಳೆಗೆ ತೊಂದರೆ ಕೊಡದೆ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಅದಕ್ಕೇ ರೈತರು ಅದನ್ನು ಕಡಿಯದೆ ಬಿಡುತ್ತಾರೆ. ಬೇಸಿಗೆಯಲ್ಲಿ ಕಾಯಿ ಒಣಗಿದಾಗ ಬೀಜ ತಂದು, ರಾತ್ರಿ ನೀರಲ್ಲಿ ನೆನೆಸಿ, ಮೊದಲ ಮಳೆಗೆ ಊರುವುದೆಂದು ನಿಶ್ಚಯಿಸಿದ್ದೇವೆ.

ಹೊಸ ಹಾಳೆಯಲ್ಲಿ ಅವಳು ಬರೆದಳು: ಬನ್ನಿ, ತಂಗಡಿ, ಬೋರಿ, ಮುತ್ತಲ, ಬೇವು. ಐದಕ್ಕೆ ಐದು ಸರಿ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರು ಚಿಕ್ಕವರಿದ್ದಾಗ ಯಾವ ಮರದ ಕೆಳಗೆ ಆಡಿದ್ದರು? ಇವತ್ತೇ ಕೇಳಿ. ಆ ಮರ ಈಗ ಇದೆಯೇ ಎಂಬುದನ್ನೂ ಕೇಳಿ.