ಮನೆ, ಪ್ರವಾಸ ಮತ್ತು ‘ಅನಿವಾರ್ಯ’ ಎಂಬ ನೆಪ

ಶವ್ವಾಲ್ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪತ್ನಿಯೊಂದಿಗೆ ಮನೆಗೆ ಬಂದನು. ಅವರ ಮದುವೆಯಾಗಿ ಮೂರು ವರ್ಷವಾಗಿದೆ. ಇಬ್ಬರೂ ದುಡಿಯುತ್ತಾರೆ. ಇಬ್ಬರ ಸಂಬಳ ಸೇರಿದರೆ ತಿಂಗಳಿಗೆ ಸುಮಾರು 80,000 ರೂಪಾಯಿ. 12,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದಾರೆ. ಚಹಾ ಮುಗಿದ ಮೇಲೆ ಅವನು ವಿಷಯಕ್ಕೆ ಬಂದನು: “ಉಸ್ತಾದ್, ಒಂದು ಫ್ಲ್ಯಾಟ್ ನೋಡಿದ್ದೇವೆ. ಬ್ಯಾಂಕಿನವರು 40 ಲಕ್ಷ ಸಾಲ ಕೊಡುತ್ತಾರಂತೆ. ಬೇರೆ ದಾರಿಯೇ ಇಲ್ಲ. ಇದು ದರೂರತ್ ಅಲ್ಲವೇ?”

ಆಗ ಆ ಹುಡುಗಿ ಮೆಲ್ಲನೆ ಹೇಳಿದಳು: “ಉಸ್ತಾದ್, ಡಿಸೆಂಬರಿನಲ್ಲಿ ಬಾಕುಗೆ ಹೋಗಲು ಟಿಕೆಟ್ ಮಾಡಿಟ್ಟಿದ್ದೇವೆ. ಅದನ್ನೂ ಹೇಳಿಯೇ ಕೇಳಬೇಕೆಂದು ನನಗನ್ನಿಸಿತು.”

ಆಕೆಯ ಪ್ರಾಮಾಣಿಕತೆಗೆ ಅಲ್ಲಾಹನು ಪ್ರತಿಫಲ ನೀಡಲಿ. ಅಂದು ನಾನು ಪೂರ್ಣ ಉತ್ತರ ಕೊಡಲಿಲ್ಲ. ಇಂದು ಕೊಡುತ್ತಿದ್ದೇನೆ. ಆದರೆ ಇದು ಅವರಿಬ್ಬರಿಗೆ ಮಾತ್ರ ಕೊಡುವ ಉತ್ತರವಲ್ಲ. ಅವರನ್ನು ಈ ಪ್ರಶ್ನೆಯ ಬಾಗಿಲಿಗೆ ತಂದು ನಿಲ್ಲಿಸಿದ ನಮಗೆಲ್ಲರಿಗೂ ಇದರಲ್ಲಿ ಪಾಲಿದೆ.

ಮೊದಲನೆಯದಾಗಿ, ಮನೆಯ ಆಸೆ ತಪ್ಪಲ್ಲ. ಮನೆಯನ್ನು ನೆಮ್ಮದಿಯ ತಾಣವಾಗಿ ಮಾಡಿಕೊಟ್ಟಿರುವುದನ್ನು ಅಲ್ಲಾಹನು ತನ್ನ ಅನುಗ್ರಹಗಳ ಸಾಲಿನಲ್ಲಿ ಎಣಿಸಿದ್ದಾನೆ (16:80). ವಿಶಾಲವಾದ ಮನೆಯನ್ನು ಪ್ರವಾದಿ(ಸ)ರು ಮನುಷ್ಯನ ಸೌಭಾಗ್ಯಗಳಲ್ಲಿ ಒಂದೆಂದು ಹೇಳಿದ ಹದೀಸ್ ಇಬ್ನು ಹಿಬ್ಬಾನರ ಸಂಗ್ರಹದಲ್ಲಿದೆ. ಪ್ರವಾಸದ ಆಸೆಯೂ ತಪ್ಪಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಕರೆ ನೀಡಿದೆ (29:20). ಪ್ರವಾದಿ(ಸ)ರು ಪ್ರಯಾಣ ಹೊರಡುವಾಗ ಯಾವ ಪತ್ನಿ ಜೊತೆಗಿರಬೇಕೆಂದು ಚೀಟಿ ಎತ್ತುತ್ತಿದ್ದರೆಂದು ಬುಖಾರಿಯಲ್ಲಿದೆ. ಒಂದು ಪ್ರಯಾಣದಲ್ಲಿ ಅವರು ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದು ಅಬೂ ದಾವೂದ್‌ನಲ್ಲಿದೆ. ಪತ್ನಿಯನ್ನು ಕರೆದುಕೊಂಡು ಹೊರಗೆ ಹೋಗುವುದೇ ದುಂದುವೆಚ್ಚವೆಂದು ಮಿಂಬರಿನ ಮೇಲೆ ಗುಡುಗುವ ನನ್ನ ಸಹೋದ್ಯೋಗಿಗಳು ಈ ಹದೀಸ್‌ಗಳನ್ನು ಇನ್ನೊಮ್ಮೆ ಓದಬೇಕು.

ಹಾಗಾದರೆ ನನ್ನ ಆಕ್ಷೇಪ ಯಾವುದಕ್ಕೆ? ಎರಡನ್ನೂ ಪಡೆಯುವ ದಾರಿಯಲ್ಲಿ ಬಡ್ಡಿಯನ್ನು ತಂದಿರಿಸಿ, ಅದಕ್ಕೆ ದರೂರತ್ ಎಂಬ ಹೆಸರು ಕೊಡುವುದಕ್ಕೆ.

ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ಸಂದೇಶವಾಹಕರಿಂದ ಯುದ್ಧಘೋಷಣೆ ಇದೆಯೆಂದು ಕುರ್‌ಆನ್ ಎಚ್ಚರಿಸುತ್ತದೆ (2:279). ತಿನ್ನುವವನು ಮಾತ್ರವಲ್ಲ, ಕೊಡುವವನು, ಬರೆಯುವವನು, ಸಾಕ್ಷಿ ನಿಲ್ಲುವವರು ಎಲ್ಲರೂ ಶಾಪಕ್ಕೆ ಒಳಗಾದವರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಹೇಳುತ್ತದೆ. ‘ಬ್ಯಾಂಕಿನ ಬಡ್ಡಿ ಬೇರೆ, ಕುರ್‌ಆನ್ ಹೇಳಿದ ರಿಬಾ ಬೇರೆ’ ಎಂದು ವಾದಿಸುವವರಿಗೆ, 1985ರ ಡಿಸೆಂಬರಿನಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯ ತೀರ್ಮಾನವೇ ಉತ್ತರ. ಬ್ಯಾಂಕ್ ಸಾಲದ ಮೇಲಿನ ಬಡ್ಡಿಯೂ ರಿಬಾ ಎಂದೇ ಅದು ಸ್ಪಷ್ಟಪಡಿಸಿತು.

ಇನ್ನು ಕೆಲವರು ಯುರೋಪಿನ ಫತ್ವಾ ಮಂಡಳಿಯ 1999ರ ತೀರ್ಮಾನವನ್ನು ಮುಂದಿಡುತ್ತಾರೆ. ಪಶ್ಚಿಮದ ದೇಶಗಳಲ್ಲಿ ಅಲ್ಪಸಂಖ್ಯಾತರಾಗಿರುವ ಮುಸ್ಲಿಮರು ವಾಸದ ಮನೆಗಾಗಿ ಬಡ್ಡಿ ಸಾಲ ಪಡೆಯಬಹುದೆಂದು ಅದು ಹೇಳಿದ್ದು ನಿಜ. ಅದನ್ನು ಅನೇಕ ವಿದ್ವಾಂಸರು ಒಪ್ಪಲಿಲ್ಲ ಎಂಬುದೂ ನಿಜ. ಆದರೆ ಆ ಫತ್ವಾದ ಷರತ್ತುಗಳನ್ನು ಓದಿದವರೆಷ್ಟು ಮಂದಿ? ಮನೆ ಸ್ವಂತ ವಾಸಕ್ಕೇ ಆಗಿರಬೇಕು, ಬೇರೆ ಮನೆ ಇರಬಾರದು, ಬಡ್ಡಿಯಿಲ್ಲದೆ ಕೊಳ್ಳುವಷ್ಟು ಹೆಚ್ಚುವರಿ ಸಂಪತ್ತು ಇರಬಾರದು. ಅನಿವಾರ್ಯತೆಯು ನಿಷಿದ್ಧವನ್ನು ಸಡಿಲಿಸುತ್ತದೆ ಎಂಬ ಫಿಕ್‌ಹ್ ಸೂತ್ರ ಎಲ್ಲರ ಬಾಯಲ್ಲಿದೆ. ಅನಿವಾರ್ಯತೆ ಎಷ್ಟಿದೆಯೋ ಅಷ್ಟೇ ಸಡಿಲಿಕೆ ಎಂಬ ಅದರ ಜೋಡಿ ಸೂತ್ರ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ದರೂರತ್‌ನ ಅರ್ಜಿಯ ಜೊತೆಗೆ ವಿದೇಶ ಪ್ರವಾಸದ ವಿಮಾನ ಟಿಕೆಟನ್ನು ಲಗತ್ತಿಸಲು ಬರುವುದಿಲ್ಲ. ತಲೆಯ ಮೇಲೆ ಸೂರಿದೆ, ಬಾಡಿಗೆ ಕಟ್ಟುವ ಶಕ್ತಿಯಿದೆ, ವರ್ಷಕ್ಕೊಮ್ಮೆ ಹಾರುವ ಹಣವೂ ಇದೆ. ಇದನ್ನು ಅಪೇಕ್ಷೆ ಎನ್ನೋಣ, ಅಗತ್ಯವೆಂದೂ ಎನ್ನೋಣ. ದರೂರತ್ ಎನ್ನಬೇಡಿ.

ಸಾಲದ ಲೆಕ್ಕವನ್ನೂ ನೋಡೋಣ. 40 ಲಕ್ಷ ಸಾಲ, ವಾರ್ಷಿಕ ಶೇ. 8.5 ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 6,400ಕ್ಕೂ ಕಡಿಮೆ. ಕೊನೆಗೆ ಕಟ್ಟಿದ ಒಟ್ಟು ಮೊತ್ತ ಸುಮಾರು 83 ಲಕ್ಷ. ಅಂದರೆ ಒಂದು ಮನೆ ತಮಗೆ, ಇನ್ನೊಂದು ಮನೆಗಿಂತ ಹೆಚ್ಚಿನದು ಬ್ಯಾಂಕಿಗೆ.

‘ಬಾಡಿಗೆಯೂ ನೀರಿಗೆ ಹಾಕಿದ ಹಣವಲ್ಲವೇ? ಅದೂ ವರ್ಷವರ್ಷ ಏರುತ್ತದಲ್ಲವೇ?’ ಎಂದು ಕೇಳುವವರಿದ್ದಾರೆ. ಏರುತ್ತದೆ, ಒಪ್ಪುತ್ತೇನೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸಾಲವೇ ಲಾಭವೆಂದು ತೋರಿಸಿಕೊಡುವವರೂ ಸಿಗುತ್ತಾರೆ. ಆದರೆ ಬಾಡಿಗೆಯು ಒಂದು ಮನೆಯ ಬಳಕೆಗೆ ಕೊಡುವ ಬೆಲೆ, ಅದು ಹಲಾಲ್. ಬಡ್ಡಿಯು ಹಣದ ಮೇಲೆ ಕಾಲ ಸರಿದುದಕ್ಕೆ ಕೊಡುವ ಬೆಲೆ, ಅದು ಹರಾಮ್. ಮದ್ಯ ಮತ್ತು ಜೂಜಿನಲ್ಲಿ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡೇ ಕುರ್‌ಆನ್ ಅವುಗಳ ಪಾಪ ದೊಡ್ಡದೆಂದಿತು (2:219). ಹರಾಮ್ ಎಂಬುದನ್ನು ಲಾಭ ನಷ್ಟದ ತಕ್ಕಡಿ ತೀರ್ಮಾನಿಸುವುದಿಲ್ಲ.

ಹಾಗೆಂದು ‘ಬಡ್ಡಿ ಹರಾಮ್’ ಎಂದು ಹೇಳಿ ಕೈತೊಳೆದುಕೊಳ್ಳುವುದು ನನ್ನಂತಹ ಉಸ್ತಾದರ ಸುಲಭದ ಕಸುಬಾಗಿಬಿಟ್ಟಿದೆ. ಬಾಗಿಲು ಮುಚ್ಚಿದವನು ಕಿಟಕಿಯನ್ನಾದರೂ ತೋರಿಸಬೇಕು.

ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಲ್ಲ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಅದನ್ನು ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದಿತು. ಹಾಗೆಂದು ‘ಹಲಾಲ್’ ಎಂದು ಫಲಕ ಹಾಕಿದವರ ಬಳಿಗೆಲ್ಲ ಓಡಬೇಡಿ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಳೆಯ ಒಡವೆ ಮಾರಿ ಹಣ ಹೂಡಿದ ಎಷ್ಟು ವಿಧವೆಯರು, ಎಷ್ಟು ನಿವೃತ್ತರು ಬೀದಿಯಲ್ಲಿ ನಿಂತರೆಂಬುದನ್ನು ನಾವು ಮರೆಯಬಾರದು.

ಉಳಿದಿರುವ ದಾರಿಗಳು ನಿಧಾನದವು, ಆದರೆ ಮುಚ್ಚಿಲ್ಲ. 34,700ರ ಕಂತು ಕಟ್ಟಬಲ್ಲ ದಂಪತಿ ಬಾಡಿಗೆ ಕಳೆದು ತಿಂಗಳಿಗೆ 22,700 ಉಳಿಸಬಲ್ಲರು. ಮೂರು ವರ್ಷದಲ್ಲಿ ಅದು 8 ಲಕ್ಷ ದಾಟುತ್ತದೆ, ಏಳು ವರ್ಷದಲ್ಲಿ 19 ಲಕ್ಷ ದಾಟುತ್ತದೆ. ‘ಅಷ್ಟರಲ್ಲಿ ಬೆಲೆ ಏರಿರುತ್ತದೆ’ ಎನ್ನುವಿರಿ. ಹೌದು. ಆದುದರಿಂದಲೇ ಮೊದಲು ಪಟ್ಟಣದ ಆಚೆ ಕೈಗೆಟಕುವ ನಾಲ್ಕು ಸೆಂಟ್ಸ್ ಜಾಗವನ್ನು ನೋಡಿ, ಮನೆಯನ್ನು ಆಮೇಲೆ ಹಂತಹಂತವಾಗಿ ಕಟ್ಟಿ. ನಮ್ಮ ತಂದೆಯವರು ಮನೆ ಕಟ್ಟಿದ್ದು ಹೀಗೆಯೇ: ಒಂದು ವರ್ಷ ಅಡಿಪಾಯ, ಮರುವರ್ಷ ಕೆಂಪುಕಲ್ಲಿನ ಗೋಡೆ, ಕೈಯಲ್ಲಿ ಕಾಸು ಬಂದಾಗ ಮಾಡು. ಗಾರೆ ಕಾಣದ ಗೋಡೆಯೊಳಗೆ ನಾವು ಬೆಳೆದೆವು. ಯಾರ ಮಾನವೂ ಹೋಗಲಿಲ್ಲ.

ಮಾರಾಟಗಾರನೇ ಕಂತಿನಲ್ಲಿ ಕೊಡಲು ಒಪ್ಪಿದರೆ ಅದೂ ಒಂದು ದಾರಿ. ನಗದು ಬೆಲೆಗಿಂತ ಹೆಚ್ಚಿನ ಬೆಲೆಗೆ ಕಂತಿನಲ್ಲಿ ಮಾರುವುದನ್ನು ಬಹುಪಾಲು ಫುಕಹಾಗಳು ಅನುಮತಿಸಿದ್ದಾರೆ. ಆದರೆ ಒಪ್ಪಂದದ ದಿನವೇ ಬೆಲೆ ನಿಶ್ಚಯವಾಗಬೇಕು, ತಡವಾದರೆ ಮೊತ್ತ ಏರಬಾರದು. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ರೇರಾ ನೋಂದಣಿಯನ್ನು ನೋಡಿ. 2016ರ ಆ ಕಾಯ್ದೆಯ ಪ್ರಕಾರ, ನೋಂದಾಯಿತ ಮಾರಾಟ ಒಪ್ಪಂದವಿಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಖರ್ಚಿನ ಪಟ್ಟಿಯಲ್ಲಿ ಮುದ್ರಾಂಕ ಶುಲ್ಕವನ್ನೂ ಬರೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕವೇ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಇನ್ನೊಂದು ಮಾತು: ಮನೆಗೆಂದು ಕೂಡಿಟ್ಟ ಹಣ ನಿಸಾಬ್ ದಾಟಿ ಚಾಂದ್ರಮಾನದ ಒಂದು ವರ್ಷ ಕಳೆದರೆ, ಬಹುಪಾಲು ವಿದ್ವಾಂಸರ ಪ್ರಕಾರ ಅದಕ್ಕೆ ಶೇ. 2.5 ಝಕಾತ್ ಇದೆ. ‘ಮನೆಗೆಂದು ಇಟ್ಟದ್ದು’ ಎಂಬ ಕಾರಣಕ್ಕೆ ಝಕಾತ್ ತಪ್ಪುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಆ ಮನೆ ಯಾರ ಹೆಸರಿನಲ್ಲಿ? ನಮ್ಮ ಮನೆಗಳಲ್ಲಿ ಪತ್ನಿಯ ಮಹ್ರ್‌ನ ಚಿನ್ನ ಮಾರಿ ಜಾಗ ಕೊಳ್ಳುತ್ತಾರೆ, ಆಕೆಯ ಸಂಬಳದಿಂದ ಗೋಡೆ ಏರುತ್ತದೆ, ಪತ್ರ ಮಾತ್ರ ಗಂಡನ ಹೆಸರಿನಲ್ಲಿ. ಮಹ್ರ್ ಆಕೆಯ ಸೊತ್ತು (4:4), ಆಕೆಯ ದುಡಿಮೆ ಆಕೆಯದೇ (4:32). ನಾಳೆ ಗಂಡನು ತೀರಿಕೊಂಡರೆ ಆ ಇಡೀ ಮನೆ ಅವನ ಆಸ್ತಿಯೆಂದು ಪಾಲಾಗುತ್ತದೆ. ಮಕ್ಕಳಿದ್ದರೆ ಆಕೆಗೆ ಎಂಟನೆಯ ಒಂದು ಭಾಗ, ಇಲ್ಲದಿದ್ದರೆ ನಾಲ್ಕನೆಯ ಒಂದು (4:12). ತಾನೇ ಅರ್ಧ ಹಣ ಹಾಕಿದ ಮನೆಯಲ್ಲಿ ಆಕೆ ಎಂಟನೆಯ ಒಂದು ಭಾಗದ ಒಡತಿಯಾಗಿ ಮೈದುನನ ಮುಖ ನೋಡುತ್ತಾ ಕುಳಿತಿರುತ್ತಾಳೆ. ತಪ್ಪು ಶರೀಅತ್‌ನದ್ದಲ್ಲ. ಆಕೆಯ ಹಣವನ್ನು ಬರೆದಿಡದ ನಮ್ಮದು. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವೇ ಆದೇಶಿಸಿದೆ (2:282). ಆದುದರಿಂದ ಹಣ ಹಾಕಿದ ಪ್ರಮಾಣದಲ್ಲಿ ಇಬ್ಬರ ಹೆಸರೂ ಪತ್ರದಲ್ಲಿರಲಿ. ‘ನಮ್ಮ ನಡುವೆ ಲೆಕ್ಕವೇಕೆ?’ ಎಂಬ ಪ್ರೀತಿಯ ಮಾತು ವಾರಸುದಾರರು ಬಂದು ಕುಳಿತಾಗ ನಡೆಯುವುದಿಲ್ಲ.

ಪ್ರವಾಸದ ಬಗ್ಗೆ ನನ್ನ ಸಲಹೆ ಇಷ್ಟೇ: ಬಿಡಬೇಡಿ, ಅಳತೆಯಲ್ಲಿಡಿ. ಖರ್ಚಿನಲ್ಲಿ ದುಂದೂ ಮಾಡದೆ ಜಿಪುಣತನವೂ ಮಾಡದೆ ನಡುದಾರಿಯಲ್ಲಿರುವವರನ್ನು ಅಲ್ಲಾಹನು ತನ್ನ ದಾಸರೆಂದು ಹೊಗಳಿದ್ದಾನೆ (25:67). ತಿಂಗಳಿಗೆ 4,000 ಬದಿಗಿಟ್ಟರೆ ವರ್ಷಕ್ಕೆ 48,000 ಆಗುತ್ತದೆ. ಅಷ್ಟರಲ್ಲಿ ನಮ್ಮ ನಾಡನ್ನು ಚೆನ್ನಾಗಿ ನೋಡಬಹುದು. ಬಾಕುವಿನ ಗೋಪುರಗಳ ಚಿತ್ರ ನಮ್ಮ ಯುವಕರ ಮೊಬೈಲಿನಲ್ಲಿದೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸವನ್ನು ಕಂಡವರೆಷ್ಟು ಮಂದಿ? ವಿಜಯಪುರದ ಗೋಳಗುಮ್ಮಟದೊಳಗೆ ಪತ್ನಿಯ ಪಿಸುಮಾತನ್ನು ಆಚೆ ಬದಿಯಲ್ಲಿ ನಿಂತು ಕೇಳಿಸಿಕೊಂಡವರೆಷ್ಟು ಮಂದಿ? ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನು ಬತೂತಾ, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದುದನ್ನು ದಾಖಲಿಸಿದ್ದಾನೆ. ಮೊರಾಕ್ಕೋದವನು ಇಲ್ಲಿಗೆ ಬಂದು ಕಂಡದ್ದನ್ನು ಇಲ್ಲಿಯವರಾದ ನಾವು ಕಂಡಿಲ್ಲ. ವೈಯಕ್ತಿಕ ಸಾಲ ಮಾಡಿ, ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಹಾರುವ ಪ್ರವಾಸಕ್ಕಿಂತ ಜೇಬಿನ ಹಣದಲ್ಲಿ ಹೋಗುವ ರೈಲಿನ ಪ್ರವಾಸ ಶ್ರೇಷ್ಠವಾದುದು. ಅದರಲ್ಲಿ ನಿದ್ರೆಯಾದರೂ ಬರುತ್ತದೆ.

ಈಗ ಹಿರಿಯರೊಡನೆ ಎರಡು ಮಾತು. ಈ ಮಕ್ಕಳು ಬ್ಯಾಂಕಿನ ಬಾಗಿಲಿಗೆ ಹೋದದ್ದು ಏಕೆ? ಅವರ ಮದುವೆಯ ಒಂದು ರಾತ್ರಿಯ ಹಾಲ್‌ಗೆ, ದೀಪಾಲಂಕಾರಕ್ಕೆ, ಉಣ್ಣದೆ ಬಿಸಾಡಿದ ಬಿರಿಯಾನಿಗೆ ನೀವು ಲಕ್ಷಗಟ್ಟಲೆ ಸುರಿದಿರಿ. ಆ ಹಣದಲ್ಲಿ ಅವರ ಜಾಗದ ಮುಂಗಡ ಆಗುತ್ತಿತ್ತು. ಇನ್ನು ಮಗ ಸಣ್ಣ ಮನೆ ಕಟ್ಟುತ್ತೇನೆಂದರೆ ‘ಊರವರು ಏನೆಂದಾರು?’ ಎಂದಿರಿ. ನಮ್ಮ ಕರಾವಳಿಯ ಊರುಗಳಲ್ಲಿ ಎರಡು ಅಂತಸ್ತಿನ ಮನೆಗಳು ಬಾಗಿಲು ಹಾಕಿ ನಿಂತಿವೆ. ಒಳಗೆ ವೃದ್ಧ ದಂಪತಿ, ಹೊರಗೆ ಗೇಟಿಗೆ ಬೀಗ. ಕಟ್ಟಿದವನು ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ಏಳೆಂಟು ಮಂದಿಯ ಕೋಣೆಯಲ್ಲಿ ಮಲಗಿದನು. ದಾಂಪತ್ಯವನ್ನು ಅಲ್ಲಾಹನು ನೆಮ್ಮದಿಗಾಗಿ ಇರಿಸಿದನು (30:21). ನಾವು ಮನೆಯನ್ನು ಕಟ್ಟಿ ನೆಮ್ಮದಿಯನ್ನು ಒಡೆದೆವು.

ಜಮಾಅತ್ ಕಮಿಟಿಗಳೊಡನೆಯೂ ಮಾತಿದೆ. ಮಸೀದಿಯ ಮಿನಾರಕ್ಕೆ ಒಂದೇ ಶುಕ್ರವಾರ ಹಣ ಸಂಗ್ರಹವಾಗುತ್ತದೆ. ಬಡ್ಡಿಯಿಲ್ಲದ ಸಾಲ ನೀಡುವ ಒಂದು ಸಣ್ಣ ನಿಧಿ ನಮ್ಮ ಎಷ್ಟು ಮಹಲ್ಲಾಗಳಲ್ಲಿದೆ? ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಅದ್ ಬಿನ್ ರಬೀಅ್(ರ)ರು ತಮ್ಮ ಸಂಪತ್ತಿನ ಅರ್ಧವನ್ನು ನೀಡಲು ಮುಂದಾದರು. ಅವರು ಅದನ್ನು ತೆಗೆದುಕೊಳ್ಳದೆ ಮಾರುಕಟ್ಟೆಯ ದಾರಿ ಕೇಳಿದರು. ಕೊಡುವವನ ಔದಾರ್ಯ ಮತ್ತು ಪಡೆಯುವವನ ಸ್ವಾಭಿಮಾನ ಎರಡೂ ಇದ್ದ ಸಮಾಜವದು. ನಮ್ಮಲ್ಲಿ ಮೊದಲನೆಯದು ಇಲ್ಲದಿರುವಾಗ ಎರಡನೆಯದನ್ನು ಮಾತ್ರ ಯುವಕರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹಾಗೆಯೇ ಪಡೆದವನೂ ಮರೆಯಬಾರದು: ಸಾಲ ಉಳಿಸಿ ತೀರಿಕೊಂಡ ವ್ಯಕ್ತಿಯ ಜನಾಝಾ ನಮಾಝ್‌ಗೆ ಪ್ರವಾದಿ(ಸ)ರು ನಿಲ್ಲಲಿಲ್ಲ. ಅಬೂ ಕತಾದಾ(ರ)ರು ಆ ಸಾಲವನ್ನು ತಾವು ವಹಿಸಿಕೊಂಡ ಮೇಲೆಯೇ ನಿಂತರು. ಸ್ನೇಹಿತನ ಬಡ್ಡಿರಹಿತ ಸಾಲವನ್ನು ಬಾಕಿ ಇಟ್ಟು ಪ್ರವಾಸದ ಚಿತ್ರ ಹಂಚಿಕೊಳ್ಳುವವರು ಈ ಹದೀಸ್‌ನ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಲಿ.

ಆ ದಂಪತಿಗೆ ನನ್ನ ಉತ್ತರ ಹೀಗಿದೆ. ಸಾಲದ ಅರ್ಜಿಯನ್ನು ಹಿಂತೆಗೆದುಕೊಳ್ಳಿ. ಬಾಕುವಿನ ಟಿಕೆಟ್ ರದ್ದು ಮಾಡಿದರೆ ಸಿಗುವಷ್ಟು ಹಣದಿಂದ ಜಾಗದ ನಿಧಿಯನ್ನು ಆರಂಭಿಸಿ. ಆದರೆ ಡಿಸೆಂಬರಿನ ರಜೆಯನ್ನು ರದ್ದು ಮಾಡಬೇಡಿ, ಬೀದರಿಗೆ ಹೋಗಿ ಬನ್ನಿ. ಐದಾರು ವರ್ಷ ಬಾಡಿಗೆ ಮನೆಯಲ್ಲಿ ಹೆಚ್ಚು ಇರಬೇಕಾಗಬಹುದು. ಆ ಮನೆಯಲ್ಲೂ ಫಜ್ರ್‌ಗೆ ಎದ್ದರೆ, ಕುರ್‌ಆನ್ ಓದಿದರೆ, ಒಬ್ಬರ ಮುಖ ಇನ್ನೊಬ್ಬರು ನೋಡಿ ನಕ್ಕರೆ ಅದು ನಿಮ್ಮದೇ ಮನೆ. ಜಾಗ ಸಿಕ್ಕಿದ ದಿನ ನನಗೂ ತಿಳಿಸಿ. ಅಡಿಪಾಯದ ಕಲ್ಲಿಡಲು ಬರುತ್ತೇನೆ, ಇನ್‌ಶಾ ಅಲ್ಲಾಹ್. ನನ್ನ ಕೈಲಾದಷ್ಟು ಕರ್ಝೆ ಹಸನವನ್ನೂ ತರುತ್ತೇನೆ, ಏಕೆಂದರೆ ಇಷ್ಟೆಲ್ಲ ಬರೆದ ಮೇಲೆ ಬರಿಗೈಯಲ್ಲಿ ಬರಲು ನನಗೆ ನಾಚಿಕೆಯಾಗಬೇಕು.