ಮರಿಗಿಂತ ಮೊದಲು ತಾಯಿಯನ್ನು ನೋಡಿ

ಮುಂದಿನ ವರ್ಷ ಮನೆಗೆ ಜಾತಿನಾಯಿಯ ಮರಿ ತರಬೇಕೆನ್ನುವವರು ಈಗಲೇ ಹುಡುಕಲು ತೊಡಗುವುದು ಒಳಿತು. ಹುಡುಕಬೇಕಾದದ್ದು ಮರಿಯನ್ನಲ್ಲ, ಹೊಣೆಯರಿತ ಸಾಕಣೆದಾರರನ್ನು. 2017ರ ಕೇಂದ್ರ ನಿಯಮಗಳಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣುನಾಯಿಗೆ ವರ್ಷಕ್ಕೊಂದೇ ಸೂಲು, ಜೀವಮಾನದಲ್ಲಿ 5ನ್ನು ಮೀರಬಾರದು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯನ್ನು ತೋರಿಸಲು ಹಿಂಜರಿಯುವವರಿಂದ ಮರಿ ಕೊಳ್ಳಬಾರದು. ಕೊಳ್ಳುವವರ ಮನೆ, ಅಂಗಳ, ಬಿಡುವುಗಳನ್ನು ವಿಚಾರಿಸಿಯೇ ಮರಿ ಕೊಡುವವರು ನಂಬಿಕೆಗೆ ಅರ್ಹರು.

ಕಾಡಂಚಿನ ಊರುಗಳಿಗೆ ಇದು ಕೇವಲ ಮನೆಯ ವಿಷಯವಲ್ಲ. 2018ರಲ್ಲಿ ಗಿರ್ ಅರಣ್ಯದ ಸಿಂಹಗಳನ್ನು ಬಲಿ ಪಡೆದ ಡಿಸ್ಟೆಂಪರ್ ನಾಯಿಗಳ ರೋಗವೇ. ಲಸಿಕೆ ಕಾಣದ ನಾಯಿ ಸೀಳುನಾಯಿಗಳಿಗೂ ಅಪಾಯ. ಅವಸರದಲ್ಲಿ ಕೊಂಡ ಮರಿ ಬೇಸರ ಬಂದಾಗ ಬೀದಿಗೆ ಬೀಳುತ್ತದೆ. ಬೀದಿಯಿಂದ ಕಾಡು ದೂರವಿಲ್ಲ.