ಅಜ್ಜನ ರೇಡಿಯೊ ಮಾರುವವರೇ, ಇದ್ದದ್ದನ್ನು ಇದ್ದಂತೆ ಬರೆಯಿರಿ



ನಮ್ಮ ದೊಡ್ಡಪ್ಪ ಮುಂಬಯಿಯಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಬಂದವರು. ಅವರಿಗೆ ಇದ್ದದ್ದು ಒಂದೇ ಆಸೆ. ಚಿಕ್ಕಂದಿನಲ್ಲಿ ಮನೆಯ ಚಾವಡಿಯಲ್ಲಿದ್ದಂಥ ರೇಡಿಯೊಗ್ರಾಂ ಮತ್ತೊಮ್ಮೆ ಬೇಕು. ನಾಲ್ಕು ಕಾಲಿನ ದೊಡ್ಡ ಮರದ ಪೆಟ್ಟಿಗೆ, ಎದುರಿಗೆ ರೇಡಿಯೊ, ಮುಚ್ಚಳ ಎತ್ತಿದರೆ ರೆಕಾರ್ಡ್ ತಿರುಗುವ ತಟ್ಟೆ. ಮೊಬೈಲಿನಲ್ಲಿ ಹುಡುಕಿಕೊಟ್ಟವನು ನಾನೇ. 'ಅಪರೂಪದ ಆಂಟಿಕ್, ಒಳ್ಳೆಯ ವರ್ಕಿಂಗ್ ಕಂಡೀಶನ್, 45,000 ರೂಪಾಯಿ, ಚೌಕಾಸಿ ಇಲ್ಲ.' ದೊಡ್ಡಪ್ಪ 2,000 ಮುಂಗಡ ಕಳುಹಿಸಿದರು. ಬಸ್ಸು ಹತ್ತಿ ಹೋಗಿ ನೋಡಿದರೆ ಡಯಲಿನ ದೀಪ ಮಾತ್ರ ಉರಿಯಿತು. ಸ್ಪೀಕರಿನಲ್ಲಿ 'ಗುಂಯ್' ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಹಲಗೆ ತೆಗೆದರೆ ಎರಡು ವಾಲ್ವ್‌ಗಳೇ ಮಾಯ. "ದೀಪ ಉರಿಯುತ್ತದಲ್ಲ, ವರ್ಕಿಂಗ್ ಅಲ್ವಾ?" ಎಂದನಂತೆ ಮಾರುವವನು. ಮುಂಗಡ ವಾಪಸು ಬರಲಿಲ್ಲ. ದೊಡ್ಡಪ್ಪ, "ಹೋಗಲಿ ಬಿಡು ಮಗಾ" ಎಂದರು. ನನಗೆ ಬಿಡಲು ಮನಸ್ಸಿಲ್ಲ. ಏಕೆಂದರೆ ಇಂಥ ಜಾಹೀರಾತು ಹಾಕುವವರಲ್ಲಿ ನಮ್ಮಂಥ ಯುವಕರೇ ಹೆಚ್ಚು.

ಮೊದಲು 'ಆಂಟಿಕ್' ಎಂಬ ಪದ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಇಂಥ ವಸ್ತು ಪುರಾತನ ಎನಿಸಬೇಕಾದರೆ ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಮುಂಬಯಿಯಿಂದ ಕ್ರಮಬದ್ಧ ರೇಡಿಯೊ ಪ್ರಸಾರ ಶುರುವಾದದ್ದೇ 1927ರ ಜುಲೈಯಲ್ಲಿ. ನಮ್ಮ ಅಟ್ಟಗಳಲ್ಲಿರುವ ಮರ್ಫಿ, ಬುಷ್, ಫಿಲಿಪ್ಸ್, ಎಚ್‌ಎಂವಿ ಸೆಟ್‌ಗಳು ಬಹುಪಾಲು 1950, 60ರ ದಶಕದವು. ಹಳೆಯವು ಹೌದು. ಆದರೆ ಆಂಟಿಕ್ ಅಲ್ಲ, ಊರಿಗೊಂದೇ ಇದ್ದ ವಸ್ತುವೂ ಅಲ್ಲ.

ಎರಡನೆಯದು ಬೆಲೆ. ಒಬ್ಬ 45,000 ಎಂದು ಬರೆಯುತ್ತಾನೆ. ಅದನ್ನು ನೋಡಿದ ಇನ್ನೊಬ್ಬ, "ನಮ್ಮದು ಅದಕ್ಕಿಂತ ದೊಡ್ಡದು" ಎಂದು 60,000 ಬರೆಯುತ್ತಾನೆ. ಮೂರನೆಯವನು ಇಬ್ಬರನ್ನೂ ನೋಡಿ ಲಕ್ಷ ಎನ್ನುತ್ತಾನೆ. ಮೂರೂ ಪೆಟ್ಟಿಗೆಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಕೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ಯಾರೂ ಕೊಳ್ಳದ ಬೆಲೆಯನ್ನು 'ಮಾರ್ಕೆಟ್ ರೇಟ್' ಎನ್ನುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಮೂರನೆಯದು 'ವರ್ಕಿಂಗ್'. ಸ್ಟೇಷನ್ ಹಿಡಿದು, ಅರ್ಧ ಗಂಟೆ ಬಿಡದೆ ಹಾಡಿದರೆ ಅದು ವರ್ಕಿಂಗ್. ವಾಲ್ವ್ ಸೆಟ್ಟಿನ ಒಳಗೆ ಸುಮಾರು 250 ವೋಲ್ಟ್ ಓಡುತ್ತದೆ. ಅರ್ಧ ಶತಮಾನ ದಾಟಿದ ಕೆಪಾಸಿಟರ್‌ಗಳು ಒಣಗಿಯೋ ಸೋರಿಯೋ ಹಾಳಾಗಿರುತ್ತವೆ. ಪರೀಕ್ಷಿಸದೆ ಪ್ಲಗ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಟ್ರಾನ್ಸ್‌ಫಾರ್ಮರೇ ಇಲ್ಲದ ಎಸಿ-ಡಿಸಿ ಸೆಟ್‌ಗಳಲ್ಲಿ ಒಳಗಿನ ಲೋಹದ ಚಾಸಿಗೇ ಕರೆಂಟು ಬರಬಹುದು. ಗುಂಡಿ ಬಿದ್ದುಹೋದ ಕಡ್ಡಿ ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ. ಹಾಗಾಗಿ ಇಲ್ಲಿ ಸುಳ್ಳು ಹೇಳಿದರೆ ನಷ್ಟ ದುಡ್ಡಿನದು ಮಾತ್ರ ಅಲ್ಲ, ಜೀವದ್ದೂ ಹೌದು.

ಎಲ್ಲಕ್ಕಿಂತ ಕೆಟ್ಟದ್ದು 'ಕೆಂಪು ಪಾದರಸ'ದ ಕಥೆ. ಹಳೆಯ ರೇಡಿಯೊ, ಟಿವಿಗಳೊಳಗೆ ಕೋಟಿ ಬೆಲೆಯ ರೆಡ್ ಮರ್ಕ್ಯುರಿ ಉಂಟು ಎಂದು ವಾಟ್ಸಾಪಿನಲ್ಲಿ ಹರಿದಾಡುತ್ತದೆ. 2009ರಲ್ಲಿ ಸೌದಿಯಲ್ಲಿ ಇದೇ ಸುಳ್ಳು ಹಳೆಯ ಹೊಲಿಗೆ ಯಂತ್ರಗಳ ಬೆಲೆಯನ್ನು ಆಕಾಶಕ್ಕೇರಿಸಿತ್ತು. ಗೆಳೆಯರೇ, ಅಂಥ ನಿಧಿ ಯಾವ ರೇಡಿಯೊದಲ್ಲೂ ಇಲ್ಲ. ಕೆಲವು ವಾಲ್ವ್‌ಗಳ ಮೇಲಿನ ಕೆಂಪು ಬಣ್ಣ ಬರೀ ಹೊರಗಿನ ಲೇಪನ. ಈ ಆಸೆಗೆ ಚೆನ್ನಾಗಿದ್ದ ಸೆಟ್ಟನ್ನು ಒಡೆದು ನೋಡಿದವರಿಗೆ ಸಿಗುವುದು ಗಾಜಿನ ಚೂರು ಮಾತ್ರ.

"ನನ್ನ ವಸ್ತು, ನನ್ನ ಬೆಲೆ, ನಿನಗೇನು?" ಎಂದು ಕೇಳುವವರಿದ್ದಾರೆ. ಸರಿ, ಬೆಲೆ ನಿಮ್ಮದು. ಒಬ್ಬ ಮೆಕ್ಯಾನಿಕ್ ವಾರಗಟ್ಟಲೆ ಕೂತು ಕೆಪಾಸಿಟರ್ ಬದಲಿಸಿ, ವಾಲ್ವ್ ಹುಡುಕಿ ಹಾಕಿ, ಡಯಲಿನ ದಾರ ಕಟ್ಟಿ, ಮರಕ್ಕೆ ಪಾಲಿಶ್ ಹೊಡೆದು ಹಾಡುವಂತೆ ಮಾಡಿದ್ದರೆ ಅವನು ಹೆಚ್ಚು ಕೇಳಲಿ. ಅದು ಅವನ ಬೆವರಿನ ಬೆಲೆ. ನಾನು ವಿರೋಧಿಸುವುದು ಧೂಳು ಕೂಡ ಒರೆಸದೆ, ಹಿಂದಿನ ಹಲಗೆ ತೆಗೆದು ನೋಡದೆ, ಪರರ ನೆನಪಿಗೆ ರೇಟು ಹಾಕುವುದನ್ನು. ಈ ಪೆಟ್ಟಿಗೆಯನ್ನು ಹುಡುಕುವವರು ಹೆಚ್ಚಾಗಿ ನಮ್ಮ ದೊಡ್ಡಪ್ಪನಂಥವರು. ಅವರಿಗೆ ಬೇಕಾದದ್ದು ಅಪ್ಪ ಕೂತು ವಾರ್ತೆ ಕೇಳುತ್ತಿದ್ದ ಚಾವಡಿ.

ನಮ್ಮ ಕಾಸರಗೋಡಿನವರಿಗೆ ಇದು ಇನ್ನೂ ಹತ್ತಿರದ ಮಾತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಆದರೆ ರೇಡಿಯೊ ಅಲೆಗೆ ಗಡಿ ಗೊತ್ತಿರಲಿಲ್ಲ. ಧಾರವಾಡದಿಂದ, 1976ರ ನಂತರ ಮಂಗಳೂರಿನಿಂದ, ಕನ್ನಡ ಮನೆಯೊಳಗೇ ಬರುತ್ತಿತ್ತು. ಆ ಪೆಟ್ಟಿಗೆ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟುತ್ತಿದ್ದರು. ಆ ಲೈಸೆನ್ಸ್ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಹಾಗಾದರೆ ಏನು ಮಾಡೋಣ? ಮಾರುವುದಾದರೆ ನಾಲ್ಕು ಸತ್ಯ ಬರೆಯಿರಿ: ಸ್ಟೇಷನ್ ಹಿಡಿಯುತ್ತದೋ ಇಲ್ಲವೋ, ವಾಲ್ವ್ ಎಷ್ಟು ಉಂಟು, ಮರಕ್ಕೆ ಗೆದ್ದಲು ಹತ್ತಿದೆಯೋ, ಯಾರಾದರೂ ರಿಪೇರಿ ಮಾಡಿದ್ದಾರೋ. ಹಿಂಬದಿಯ ಫೋಟೊ ಹಾಕಿ. ಕೊಳ್ಳುವುದಾದರೆ ಹಾಡುತ್ತಿರುವ ವಿಡಿಯೊ ಕೇಳಿ, ನೋಡದೆ ಒಂದು ರೂಪಾಯಿ ಮುಂಗಡವೂ ಕೊಡಬೇಡಿ. ಈ ಸೆಟ್‌ಗಳಲ್ಲಿ ಬಹುತೇಕವು ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ ಹಿಡಿಯುತ್ತವೆ, ಇಂದಿನ ಎಫ್‌ಎಂ ಬರುವುದಿಲ್ಲ ಎಂಬುದೂ ನೆನಪಿರಲಿ.

ಮಾರುವ ಮೊದಲು ಇನ್ನೊಂದು ಕೆಲಸ. ಊರಿನ ಹಳೆಯ ರೇಡಿಯೊ ಮೆಕ್ಯಾನಿಕ್ ಇನ್ನೂ ಇದ್ದರೆ ಅವರ ಬಳಿ ಒಯ್ದು ತೋರಿಸಿ. ಅವರ ಪಕ್ಕ ಕೂತು ಕೆಲಸ ನೋಡಿ ಕಲಿಯಿರಿ. ಆಮೇಲೂ ಮಾರಬೇಕು ಅನಿಸಿದರೆ ಮಾರಿ. ಆಗ ಜಾಹೀರಾತಿನಲ್ಲಿ 'ವರ್ಕಿಂಗ್' ಎಂದು ಬರೆಯಲು ನಿಮ್ಮ ಕೈ ನಡುಗುವುದಿಲ್ಲ.